ಕೆನೆಬಣ್ಣದ ಹಾಳೆ

ಗ್ರಂಥಾಲಯದ ಪ್ರಿಂಟರಿನಿಂದ ಹೊರಬಂದ ರೆಸ್ಯೂಮ್ ತನ್ನದಲ್ಲವೆಂದು ಗೊತ್ತಾದ ಮೇಲೂ ಅರ್ಲೀನ್ ಅದನ್ನು ಕೆಳಗಿಡಲಿಲ್ಲ. ಮದುವೆಯ ಕರೆಯೋಲೆಯಂಥ ದಪ್ಪ, ಕೆನೆಬಣ್ಣದ ಹಾಳೆ. ನೆತ್ತಿಯ ಮೇಲೆ ದೊಡ್ಡ ಅಕ್ಷರದಲ್ಲಿ ಟ್ರೂಡಿಯ ಹೆಸರು. ಹೆಸರೂ ಎಷ್ಟು ಲಕ್ಷಣವಾಗಿ ಕಾಣುತ್ತಿದೆ ಎಂದು ಅರ್ಲೀನಳಿಗೆ ಸಂಕಟವಾಯಿತು.

ಬಟಾಣಿಯನ್ನು ಡಬ್ಬಿಗೆ ತುಂಬುವ ಊರಿನ ಕಾರ್ಖಾನೆ ಹೋದ ತಿಂಗಳು ಮುಚ್ಚಿದಾಗ ಇಬ್ಬರ ಕೆಲಸವೂ ಒಟ್ಟಿಗೇ ಹೋಗಿತ್ತು. ಈಗ ಇಬ್ಬರ ಕಣ್ಣೂ ಆಸ್ಪತ್ರೆಯ ಅಡುಗೆಮನೆಯ ಮೇಲ್ವಿಚಾರಕಿಯ ಕೆಲಸದ ಮೇಲೆ. ಜಾಗ ಒಂದೇ. ರೆಸ್ಯೂಮ್ ಇವತ್ತು ಸಂಜೆಯೊಳಗೆ ಮುಟ್ಟಬೇಕು. ಹಿಡಿಸಿದವರಿಗೆ ಆಸ್ಪತ್ರೆಯವರೇ ಫೋನ್ ಮಾಡಿ ಕರೆಯುತ್ತಾರೆ. ಕಾರ್ಖಾನೆಗೆ ಸೇರಿದ ಹೊಸತರಲ್ಲಿ ಟ್ರೂಡಿಗೆ ಕೆಲಸ ಕಲಿಸಿದವಳು ಅರ್ಲೀನ್. ಆದರೆ ಮೇಲೇರಿ, ಮುಖ್ಯಸ್ಥೆಯಾಗಿ ಪಾಳಿಯ ಕಚೇರಿಯಲ್ಲಿ ಕುಳಿತವಳು ಟ್ರೂಡಿ.

‘ನಲವತ್ತು ಜನರ ಪಾಳಿಯನ್ನು ಮುನ್ನಡೆಸಿದೆ. ಒಂದೂ ಅಪಘಾತವಾಗದಂತೆ ನೋಡಿಕೊಂಡೆ.’ ನೋಡಿಕೊಂಡಳಂತೆ! ಕೂದಲು ಬಿಟ್ಟುಕೊಂಡು ಯಂತ್ರದ ಹತ್ತಿರ ಬಂದ ಹುಡುಗಿಯರನ್ನು ಬೈದು ಬೈದು ಗಂಟಲು ಹರಿದುಕೊಂಡವಳು ಯಾರು? ಆದರೂ ಅದರಲ್ಲಿ ಒಂದು ಪದವನ್ನೂ ಸುಳ್ಳೆನ್ನುವಂತಿರಲಿಲ್ಲ. ಹೊಟ್ಟೆ ಉರಿಸಿದ್ದೂ ಅದೇ. ಆಗ ಅವಳ ಕಣ್ಣು ಹೆಸರಿನ ಕೆಳಗಿದ್ದ ಫೋನ್ ನಂಬರಿನ ಮೇಲೆ ನಿಂತಿತು. ಅದು ಟ್ರೂಡಿಯ ನಂಬರಲ್ಲ, ಮುಚ್ಚಿದ ಕಾರ್ಖಾನೆಯ ಪಾಳಿಯ ಕಚೇರಿಯದು. ಜ್ವರ ಬಂದಾಗ, ಕಾರು ಹಿಮದಲ್ಲಿ ಹೂತುಕೊಂಡಾಗ, ಅರ್ಲೀನಳ ಬೆರಳು ತಾನಾಗಿ ಒತ್ತುತ್ತಿದ್ದ ನಂಬರು. ವರ್ಷಗಟ್ಟಲೆ ಕೇಳಿದವರಿಗೆಲ್ಲ ಅದನ್ನೇ ಹೇಳಿದ್ದ ಟ್ರೂಡಿ, ಅಭ್ಯಾಸಬಲದಿಂದ ಇಲ್ಲೂ ಅದನ್ನೇ ಬರೆದಿದ್ದಳು.

“ಅಯ್ಯೋ, ಅದು ನಂದು ಕೊಡೇ!” ಟ್ರೂಡಿ ಓಡಿ ಬಂದಳು. “ಓದಿದ್ಯಾ? ತಪ್ಪಿದ್ರೆ ಹೇಳು ಮಾರಾಯ್ತಿ. ಓಡೋ ಬೆಲ್ಟಿನ ಮೇಲಿಂದ ಹುಳುಕು ಬಟಾಣಿ ಹೆಕ್ತಿದ್ದ ಕಣ್ಣು ನಿಂದು.”

“ಹಾಲ್ವರ್ಸನ್ ಮೇಡಂ ನೋಡಿದಾರಲ್ಲ, ಸಾಕಲ್ವಾ?” ಎಂದು ಹಾಳೆಯನ್ನು ಕೊಟ್ಟು, ಅರ್ಲೀನ್ ಕಂಪ್ಯೂಟರಿನ ಮುಂದೆ ಹೋಗಿ ಕುಳಿತಳು.

ಕೆಲಸ ಹುಡುಕುವವರಿಗೆ ಅಲ್ಲಿ ಪುಕ್ಕಟೆಯಾಗಿ ನೆರವಾಗುತ್ತಿದ್ದ ನಿವೃತ್ತ ಟೀಚರು ಹಾಲ್ವರ್ಸನ್. ಅಲ್ಪವಿರಾಮ ತಪ್ಪಿದರೂ ಅವರಿಗೆ ಕಾಣುತ್ತಿತ್ತು. ಫೋನ್ ನಂಬರು ಯಾರದೆಂದು ಅವರಿಗೇನು ಗೊತ್ತು? ಅವರು ಅರ್ಲೀನಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. “ಇದೇನ್ರೀ, ‘ಬಟಾಣಿ ಆರಿಸುವ ಕೆಲಸ’ ಅಂತ ಒಂದೇ ಸಾಲು? ಸಂತೆ ಚೀಟಿನೇ ಇದಕ್ಕಿಂತ ಉದ್ದ ಇರುತ್ತೆ. ಯಾರಿಗೂ ಕೆಲಸ ಕಲಿಸಿಲ್ವಾ ನೀವು?”

“ಕಲಿಸಿದೀನಿ.”

“ಯಾರಿಗೆ?”

ಕಿಟಕಿಯ ಬಳಿ ಲಕೋಟೆಯ ಅಂಟಿಗೆ ನಾಲಿಗೆ ಸವರುತ್ತಿದ್ದ ಟ್ರೂಡಿಯ ಕಡೆ ಅರ್ಲೀನ್ ಗದ್ದ ತೋರಿಸಿದಳು. “ಆ ಮಹಾರಾಣಿಗೆ.”

“ಮತ್ತೆ ಬರೀರಿ ಅದನ್ನ! ವಯಸ್ಸು ಅಳಿಸಿ, ತೀರಿಹೋದ ಗಂಡನ ಹೆಸರು ಅಳಿಸಿ, ಅದನ್ನ್ಯಾರೂ ಕೇಳಿಲ್ಲ. ‘ಮುಂದೆ ಪಾಳಿಯ ಮುಖ್ಯಸ್ಥರಾದವರಿಗೂ ಕೆಲಸ ಕಲಿಸಿದೆ.’ ಹ್ಞೂಂ, ಹಾಗೆ.” ಅರ್ಲೀನಳ ಬೆರಳು ತಡವರಿಸಿದಾಗ ಅವರು ಅವಸರ ಮಾಡದೆ, ತಮ್ಮ ಫ್ಲಾಸ್ಕಿನ ಕಾಫಿಯನ್ನು ಮುಚ್ಚಳಕ್ಕೆ ಬಗ್ಗಿಸಿ ಅವಳ ಮುಂದಿಟ್ಟರು.

ಅರ್ಲೀನಳ ರೆಸ್ಯೂಮ್ ಪ್ರಿಂಟರಿನಿಂದ ಬಂತು. ಅದೂ ಕೆನೆಬಣ್ಣದ ಹಾಳೆಯ ಮೇಲೆ.

“ನಾನೇ ಹಾಕಿಟ್ಟಿದ್ದೆ ಕಣೆ ಅಲ್ಲಿ, ನಿನಗೆ ಅಂತ,” ಎಂದಳು ಟ್ರೂಡಿ, ಕೋಟಿನ ಗುಂಡಿ ಹಾಕಿಕೊಳ್ಳುತ್ತ. “ಬಿಳಿ ಕಾಗದ ಆದ್ರೆ ರಾಶಿಯಲ್ಲಿ ಮುಳುಗಿ ಹೋಗ್ತೀಯ. ಬಾ, ನನ್ನ ಕಾರಲ್ಲೇ ಹೋಗಿ ಇಬ್ಬರದೂ ಕೊಟ್ಟು ಬರೋಣ. ನಿನ್ನ ಕಾರಿನ ಹೀಟರ್ ಸತ್ತಿದೆಯಲ್ಲ.”

ಅರ್ಲೀನ್ ಹಾಳೆಯನ್ನು ಮೂರಾಗಿ ಮಡಚಿದಳು. ಕುರ್ಚಿ ಟ್ರೂಡಿಯದು, ಕಚೇರಿ ಟ್ರೂಡಿಯದು. ಇನ್ನು ಒಳ್ಳೆಯವಳೆನಿಸಿಕೊಳ್ಳುವುದರಲ್ಲೂ ಅವಳೇ ಮುಂದೆ. ಆ ನಂಬರಿನ ವಿಷಯದಲ್ಲಿ ಸುಮ್ಮನಿದ್ದುಬಿಟ್ಟರೆ ಸಾಕು. ಸುಳ್ಳು ಹೇಳಬೇಕಾಗಿಯೂ ಇಲ್ಲ. ಅರ್ಲೀನ್ ತನ್ನ ಹಾಳೆಯನ್ನು ಲಕೋಟೆಗೆ ಸೇರಿಸಿ, ಅಂಚನ್ನು ಉಗುರಿನಿಂದ ಒತ್ತಿ ಒತ್ತಿ ಮುಚ್ಚಿದಳು.

“ಎದೆ ಢವಗುಟ್ತಿದೆ ಕಣೆ,” ಟ್ರೂಡಿ ಕೈಗವಸು ಹುಡುಕುತ್ತ ಅಂದಳು. “ಇವತ್ತಿಂದ ಫೋನು ದಿಂಬಿನ ಕೆಳಗೇ. ಸ್ನಾನಕ್ಕೂ ಜೊತೆಗೇ ತಗೊಂಡು ಹೋಗ್ತೀನಿ ನೋಡು.”

ಬಾಗಿಲವರೆಗೆ ಹೋಗಿದ್ದ ಅರ್ಲೀನ್ ಅಲ್ಲೇ ನಿಂತಳು. ಚೀಲದಿಂದ ತನ್ನ ಫೋನ್ ತೆಗೆದು, ‘ಒಳಗೆ ಫೋನ್ ಬಳಸಬೇಡಿ’ ಎಂಬ ಫಲಕದ ಕೆಳಗೇ ನಿಂತು, ಟ್ರೂಡಿಯ ಹಾಳೆಯಲ್ಲಿದ್ದ ನಂಬರನ್ನು ನೋಡದೆಯೇ ಒತ್ತಿದಳು. ಹಾಲ್ವರ್ಸನ್ ಕನ್ನಡಕದ ಮೇಲಿಂದ ನೋಡಿದರು. ಏನೋ ಕಂಡವರಂತೆ ಮತ್ತೆ ತಲೆ ತಗ್ಗಿಸಿದರು. ಅತ್ತ ಗಂಟೆ ಬಾರಿಸತೊಡಗಿತು. ಅರ್ಲೀನಳ ಕಣ್ಣ ಮುಂದೆ ಬೀಗ ಹಾಕಿದ ಕಚೇರಿ, ಹೋದ ತಿಂಗಳಲ್ಲೇ ನಿಂತುಹೋದ ಕ್ಯಾಲೆಂಡರು, ಮೇಜಿನ ಮೇಲೆ ಒಂಟಿಯಾಗಿ ಬಡಿದುಕೊಳ್ಳುತ್ತಿರುವ ಫೋನು.

“ಹೊತ್ತಾಯ್ತು ಬಾರೇ! ಈಗ ಯಾರಿಗೆ ಫೋನು?”

ಅರ್ಲೀನ್ ಅವಳ ಟೋಪಿಯನ್ನು ಸರಿಸಿ, ಫೋನನ್ನು ಅವಳ ಕಿವಿಗೆ ಒತ್ತಿ ಹಿಡಿದಳು.

“ನಿನಗೇ.”