ಸಮುದ್ರತಳದ ಬಿಡಾರ

ಸಮುದ್ರವು ತಿಂಗಳಿಗೊಮ್ಮೆ ದೂರ ಸರಿದು ಕೆಲವು ದಿನಗಳ ಬಳಿಕ ವಾಪಸಾಗುವುದು ಶುರುವಾದ ಮೇಲೆ, ಅದರ ತಳದಲ್ಲಿ ಜೀಪು ಓಡಿಸಿ ಬಿಡಾರ ಹೂಡುವುದು ಕಾರವಾರದವರ ವಾಡಿಕೆಯಾಗಿತ್ತು. ನೀರು ಮರಳುವ ಸಂಜೆಯೇ ಗಜಾನನನ ಜೀಪು ಕೆಸರಿನಲ್ಲಿ ಹೂತಿತು. ಅವನು ಜೀಪಿನ ಮೂತಿಯಲ್ಲಿದ್ದ, ಹಗ್ಗ ಸುತ್ತಿ ಗಾಡಿ ಎಳೆಯುವ ವಿಂಚಿನಿಂದ ಉಕ್ಕಿನ ಹಗ್ಗವನ್ನು ಗತ್ತಿನಿಂದ ಎಳೆದುಕೊಂಡು ಹೊರಟ.

"ಯಾವ ಮರಕ್ಕೆ ಕಟ್ತೀರಿ?" ಎಂದಳು ಹೆಂಡತಿ ಸುಲಭಾ. ಸುತ್ತ ಒಂದು ಗಿಡವೂ ಇರಲಿಲ್ಲ.

"ಸ್ಟೆಪ್ನಿ ಹುಗಿದು ಅದಕ್ಕೇ ಕಟ್ಟೋದು."

"ಸ್ಟೆಪ್ನಿ ಮನೇಲಿ ಬಿಟ್ಟು ಆ ಜಾಗಕ್ಕೆ ಫ್ರಿಜ್ ಹೇರಿದವರು ಯಾರು? ಈಗ ಅದನ್ನೇ ಹುಗೀರಿ."

ದೂರದಲ್ಲಿ ನೊರೆಯ ಬಿಳಿಗೆರೆ ಮೂಡಿತು. ಹುಗಿದ ಫ್ರಿಜ್ಜಿಗೆ ಹಗ್ಗ ಬಿಗಿದಾಗ ಜೀಪು ತೆವಳುತ್ತ ಮೇಲೆದ್ದಿತು. ಗಜಾನನ ಹಗ್ಗ ಬಿಚ್ಚಿ, ಫ್ರಿಜ್ಜಿನ ಸುತ್ತ ಅಗೆಯತೊಡಗಿದ. ಸುಲಭಾ ಸ್ಟೀರಿಂಗ್ ಹಿಡಿದು ಗೇರ್ ಹಾಕಿದಳು.

"ಬರ್ತೀರೋ, ಅದಕ್ಕೆ ಕಾವಲು ಕೂರ್ತೀರೋ?"

ಅವನು ಓಡಿಬಂದು ಬಾಗಿಲಿಗೆ ಜೋತುಬಿದ್ದ. ಅವಳು ವೇಗ ತಗ್ಗಿಸಲಿಲ್ಲ.