ಗುರುತು ಹಿಡಿಯದ ಬೀಗದ ಕೈ

ಯಜಮಾನ ತೀರಿಕೊಂಡರೆ ಅವನ ಕಾರು ತೆರೆಯುವ ಕಾರ್ಡೂ ಸಾಯುವ ಕಾಲವದು. ಆಗ ಬಾಗಿಲು ತೆರೆಯಲು ಕಂಪನಿಯವರು ಹಳೆಯ ಕಾಲದ ಲೋಹದ ಬೀಗದ ಕೈ ತರುತ್ತಿದ್ದರು. ಬೀದಿಯಲ್ಲಿ ಅದನ್ನು ಕಂಡವರು ಸತ್ತವರ ಗೌರವಕ್ಕೆ ಚಪ್ಪಲಿ ಕಳಚಿ ನಿಲ್ಲುತ್ತಿದ್ದರು.

ಕಂಪನಿಯ ಮೆಕ್ಯಾನಿಕ್ ಜುಬೇದಾ ಅಂಥ ಕೈಯಿಂದ ಬಾಗಿಲು ತೆರೆದಾಗ ಪದ್ಮಾಕ್ಷಮ್ಮ ತೀರಿಕೊಂಡ ಗಂಡ ರಾಯರ ಪುಟ್ಟ ಕಾರಿನಲ್ಲಿ ಕೂತರು. ಸೀಟು ರಾಯರು ಬಿಟ್ಟಂತೆಯೇ ಹಿಂದಕ್ಕಿತ್ತು. ಕಾಲು ಪೆಡಲಿಗೆ ಎಟುಕಲಿಲ್ಲ.

“ನಿಮ್ಮ ಹೆಸರಿನ ಕಾರ್ಡು ತಂದಿದೀನಮ್ಮ. ಮುಟ್ಟಿಸಿದ್ರೆ ಸೀಟು ನಿಮ್ಮಳತೆಗೆ ಬರತ್ತೆ.”

“ಇವರ ಅಳತೆ?”

“ಅಳಿಸಿಹೋಗತ್ತೆ.”

ಪದ್ಮಾಕ್ಷಮ್ಮ ಕೈ ಚಾಚಲಿಲ್ಲ. “ಉದ್ದ ಕಾಲು ಕಣೇ ಅವರದು. ಒಂಟೆ ಅಂತಿದ್ದೆ.”

ಜುಬೇದಾ ಕಾರ್ಡನ್ನು ಚೀಲಕ್ಕೆ ಹಾಕಿ, ಬೀಗದ ಕೈಯನ್ನು ಅವರ ಮಡಿಲಲ್ಲಿಟ್ಟಳು. “ಇದು ಯಾರನ್ನೂ ಗುರುತು ಹಿಡಿಯಲ್ಲ. ಗಾಡಿ ಓಡತ್ತೆ, ಸೀಟು ಮಾತ್ರ ಕದಲಲ್ಲ. ಇಟ್ಕೊಳ್ಳಿ.”

ಆಮೇಲೆ ಮನೆಯೊಳಗಿಂದ ಎರಡು ದಿಂಬು ತಂದು ಅವರ ಬೆನ್ನಿಗೆ ಒತ್ತಿಟ್ಟಳು. ಕಾಲು ಎಟುಕಿತು.