ಸ್ಪಂದಿಸುತ್ತಿಲ್ಲ, ನಿಲ್ಲಿಸಲೇ?

"ಇನ್ನೆಷ್ಟೂಂತ ಕಾಯೋದು, ನಿಲ್ಲಿಸ್ಬಿಡು," ಎಂದ ಅಂಕಣಕಾರ, ಬಲಗಡೆಯ ಕಂಪ್ಯೂಟರಿಗೆ. ಯಂತ್ರಗಳೊಡನೆ ಮಾತಾಡುವುದು ಅವನ ಹಳೆಯ ಚಾಳಿ. ಬಾಗಿಲಲ್ಲಿ ಹೆಂಡತಿ ಫೋನು ಹಿಡಿದು ನಿಂತು ಏನೋ ಕೇಳಿದ್ದಳು. ಅದು ಕಿವಿಗೆ ಬಿದ್ದಿತ್ತೇ ಹೊರತು ತಲೆಗೆ ಇಳಿದಿರಲಿಲ್ಲ.

ಮೇಜಿನ ಮೇಲೆ ಎರಡು ಕಂಪ್ಯೂಟರು, ಎರಡರಲ್ಲೂ ಬೇರೆ ಬೇರೆ ಆಪರೇಟಿಂಗ್ ಸಿಸ್ಟಮ್. ಒಂದೇ ಹೊತ್ತಿಗೆ ಹಲವು ಕೆಲಸ ಸಂಭಾಳಿಸುವುದರಲ್ಲಿ ಯಾವುದು ಮೇಲು ಎಂಬ ಬರಹ ಸಂಜೆಯೊಳಗೆ ಪತ್ರಿಕೆಗೆ ಹೋಗಬೇಕಿತ್ತು. ಎರಡಕ್ಕೂ ಹಾಡು, ಪ್ರಿಂಟು, ಒಂದು ಭಾರಿ ಲೆಕ್ಕ ಹೊರಿಸಿದ್ದ. ಲೆಕ್ಕ ಎರಡರಲ್ಲೂ ನಡುವೆಯೇ ಸಿಕ್ಕಿಕೊಂಡಿತ್ತು. ಎಡಗಡೆಯದು ಪೂರ್ತಿ ಕಲ್ಲಾಗಿ ಕೂತಿತ್ತು. ಬಲಗಡೆಯದು ಮಾತ್ರ ವಿನಯದಿಂದ ಕೇಳಿತ್ತು: ಸ್ಪಂದಿಸುತ್ತಿಲ್ಲ, ನಿಲ್ಲಿಸಲೇ? 'ಹೌದು' ಒತ್ತಿದ. ಲೆಕ್ಕ ಮಾಯವಾಯಿತು, ಹಾಡು ಎಳ್ಳಷ್ಟೂ ತಡವರಿಸಲಿಲ್ಲ. ಇದೇ ಗೆದ್ದಿತೆಂದು ಬರೆಯತೊಡಗಿದ.

ಮತ್ತೆ ಬಂದಾಗ ಹೆಂಡತಿಯ ಕಣ್ಣು ಕೆಂಪಾಗಿತ್ತು.

"ಉಸಿರಾಟದ ಮೆಷೀನು ತೆಗೆದ್ರಂತೆ. ಮಾವ ಹೋಗ್ಬಿಟ್ರು. ನಿಲ್ಲಿಸ್ಬಿಡು ಅಂದ್ರಲ್ಲ, ಆಸ್ಪತ್ರೆಲಿರೋ ನಿಮ್ಮಕ್ಕನಿಗೆ ಹಾಗೇ ಹೇಳ್ದೆ. ಡಾಕ್ಟ್ರು ಮಗನ ಒಂದು ಮಾತಿಗೇ ಕಾಯ್ತಿದ್ರಂತೆ."

ಅವನು ಎಡಗಡೆಯದರ ಹಾಗೆ ಕಲ್ಲಾಗಿ ಕೂತ. ಬಲಗಡೆಯದು ಹಾಡುತ್ತಲೇ ಇತ್ತು.